ಎರಡು ಮಿಲಿಮೀಟರಿನ ಅಪನಂಬಿಕೆ

ಮಹಾನವಮಿಯ ಆಯುಧಪೂಜೆ ಮೈಸೂರಿನಲ್ಲಿ ಈಗ ಬಹುಮಟ್ಟಿಗೆ ವಾಹನಪೂಜೆಯಾಗಿದೆ. ಅರಮನೆಯೊಳಗೆ ಪಟ್ಟದ ಕತ್ತಿಗೆ ಪೂಜೆ ಸಲ್ಲುವ ಹೊತ್ತಿನಲ್ಲಿ ಬಡಾವಣೆಗಳ ಬೀದಿಬೀದಿಯಲ್ಲಿ ಕಾರು, ಸ್ಕೂಟರುಗಳ ಚಕ್ರದಡಿ ನಿಂಬೆಹಣ್ಣು ಒಡೆಯುತ್ತಿರುತ್ತದೆ. ಶ್ರೀರಾಂಪುರದ ಪರಿಚಿತರೊಬ್ಬರ ಮನೆಯಲ್ಲಿ ಮಾತ್ರ ವಾಹನಗಳ ಜೊತೆಗೆ ಆಳೆತ್ತರದ ಒಂದು ಕೇಪಿನ ಕೋವಿಯೂ ಅದರ ಬಯೊನೆಟ್ಟೂ (ಹಳಬರ ಮಾತಿನಲ್ಲಿ ಸಂಗೀನು) ವರ್ಷಕ್ಕೊಮ್ಮೆ ಹೂವು ಕುಂಕುಮ ಕಾಣುತ್ತಿದ್ದವು. ಮಲೆನಾಡಿನ ಪೂರ್ವಿಕರ ಮನೆಯಿಂದ ಬಂದ ಕೋವಿ. ಬೆಳೆರಕ್ಷಣೆಗೆಂದು ಪರವಾನಗಿ ಪಡೆದದ್ದು. ಪರವಾನಗಿ ಯಾರ ಹೆಸರಿನಲ್ಲಿತ್ತೋ ಆ ಹಿರಿಯರು ತೀರಿಕೊಂಡರು. ಬೆಂಗಳೂರು, ಅಮೆರಿಕಗಳಲ್ಲಿರುವ ಮಕ್ಕಳಿಗೆ ಅದು ಬೇಡ. ಠಾಣೆಗೆ ಒಪ್ಪಿಸುವುದೋ, ಪರವಾನಗಿಯುಳ್ಳ ವ್ಯಾಪಾರಿಗೆ ಕೊಡುವುದೋ, ನಳಿಗೆಗೆ ಬೆಸುಗೆ ಹಾಕಿಸಿ ಗೋಡೆಗೆ ತೂಗುಹಾಕುವುದೋ ಎಂದು ಮನೆಯವರು ಯೋಚಿಸುತ್ತಿದ್ದರು. ನೌಕರಿಯಲ್ಲಿದ್ದಾಗ ಆಯುಧ ಪರವಾನಗಿಯ ಕಡತಗಳನ್ನು ನೋಡಿದವನೆಂಬ ಕಾರಣಕ್ಕೆ ಆ ಪ್ರಶ್ನೆ ನನ್ನ ಬಳಿಗೆ ಬಂತು.

ಕಾನೂನಿನ ಉತ್ತರ ಸುಲಭವಾಗಿಯೇ ಇದೆ. ಅದಕ್ಕೆ ಮುಂದೆ ಬರುತ್ತೇನೆ. ಆದರೆ ಇಂಥ ಕೋವಿಯ ವಿಲೇವಾರಿಗೆ ಮುನ್ನ ಅದರ ನಳಿಗೆಯ ಬಾಯಿಯನ್ನು ಒಮ್ಮೆ ಅಳೆದು ನೋಡಬೇಕು. ನಮ್ಮ ಇತಿಹಾಸದ ಒಂದು ಸಂಗತಿ ಆ ಬಾಯಿಯ ಅಗಲದಲ್ಲಿ, ಕೇವಲ ಎರಡು ಮಿಲಿಮೀಟರಿನ ವ್ಯತ್ಯಾಸದಲ್ಲಿ ಅಡಗಿದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಸಿಪಾಯಿಯ ಕೈಯಲ್ಲಿದ್ದದ್ದು ನುಣುಪು ನಳಿಗೆಯ ಕೋವಿ. ‘ಬ್ರೌನ್ ಬೆಸ್’ ಎಂದು ಹೆಸರಾದ ಅದರ ನಳಿಗೆಯ ಒಳಗಲ ಮುಕ್ಕಾಲು ಅಂಗುಲ. ಗುಂಡು ನಳಿಗೆಯೊಳಗೆ ಸಡಿಲವಾಗಿರುತ್ತಿದ್ದುದರಿಂದ ನೂರು ಗಜ ದಾಟಿದರೆ ಗುರಿ ತಲುಪುವುದು ಅದೃಷ್ಟದ ಮಾತಾಗಿತ್ತು. ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಸಾಗುತ್ತದೆ ಎಂಬುದು ಬೇಟೆಗಾರರಿಗೆ ಬಹು ಹಿಂದಿನಿಂದ ತಿಳಿದಿತ್ತು. ಆದರೆ ಗೆರೆಗಳನ್ನು ಹಿಡಿಯುವಷ್ಟು ಬಿಗಿಯಾದ ಗುಂಡನ್ನು ಬಾಯಿಯಿಂದ ಇಡಿದು ಇಳಿಸಲು ಸಮಯ ಹಿಡಿಯುತ್ತಿತ್ತು. ಯುದ್ಧದಲ್ಲಿ ಅಷ್ಟು ಪುರಸೊತ್ತು ಇರುವುದಿಲ್ಲ. ಹಿಂಬದಿಯನ್ನು ಟೊಳ್ಳಾಗಿಸಿದ ಗುಂಡು ಈ ಸಮಸ್ಯೆಯನ್ನು ಬಿಡಿಸಿತು. ಅದು ಸಲೀಸಾಗಿ ಒಳಗಿಳಿಯುತ್ತದೆ, ಮದ್ದು ಸಿಡಿದಾಗ ಹಿಗ್ಗಿ ಗೆರೆಗಳನ್ನು ಕಚ್ಚುತ್ತದೆ. ಈ ತತ್ತ್ವದ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದದ್ದೇ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್-ಮಸ್ಕೆಟ್. ನಳಿಗೆಯ ಒಳಗಲ 0.577 ಅಂಗುಲ, ಎಂದರೆ 14.7 ಮಿಲಿಮೀಟರ್. ನಳಿಗೆಯ ಉದ್ದ 39 ಅಂಗುಲ, ಇಡೀ ಕೋವಿಯದು 55. ಮರದ ದಿಮ್ಮಿಗೆ ನಳಿಗೆಯನ್ನು ಬಿಗಿದು ಹಿಡಿಯುವ ಮೂರು ಕಬ್ಬಿಣದ ಪಟ್ಟಿಗಳು. ಹಿಡಿಯ ಹಿಂಬದಿಗೂ ಕುದುರೆಯ ಕಾಪಿಗೂ ಹಿತ್ತಾಳೆ. 900 ಗಜದವರೆಗೆ ಅಂಕ ಹಾಕಿದ, ಏಣಿಯಂತೆ ಮೇಲಕ್ಕೆತ್ತಬಹುದಾದ ಗುರಿಪಟ್ಟಿ. ನುರಿತ ಸೈನಿಕ ನಿಮಿಷಕ್ಕೆ ಮೂರು ಗುಂಡು ಹಾರಿಸಬಲ್ಲವನಾಗಿದ್ದ.

ಬಯೊನೆಟ್ಟಿನ ವಿಷಯವಾಗಿ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಅದನ್ನು ಚೂರಿಯೆಂದೇ ಭಾವಿಸುವವರು ಹೆಚ್ಚು. ಈ ಕೋವಿಯ ಬಯೊನೆಟ್ಟಿಗೆ ಅಲಗೇ ಇಲ್ಲ. ಸುಮಾರು ಹದಿನೇಳು ಅಂಗುಲ ಉದ್ದದ ಮೂರು ಮೂಲೆಯ ಉಕ್ಕಿನ ಮೊನೆ, ಅದರ ಬುಡದಲ್ಲಿ ನಳಿಗೆಯ ತುದಿಗೆ ತೊಡಿಸುವ ಕೊಳವೆ, ಬಿಗಿಯಲು ಒಂದು ಬಳೆ. ಕತ್ತರಿಸಲು ಬಾರದು, ತಿವಿಯಲು ಮಾತ್ರ ಬರುತ್ತದೆ. ಅದನ್ನು ತೊಡಿಸಿದಾಗ ಕೋವಿ ಆರಡಿ ಉದ್ದದ ಭರ್ಜಿಯಾಗಿ, ಕುದುರೆ ಸವಾರನಿಗೂ ಎದುರು ನಿಲ್ಲಬಲ್ಲದ್ದಾಗುತ್ತಿತ್ತು. ಹಳೆಯ ಮನೆಗಳಲ್ಲಿ ಕೋವಿ ಉಳಿದು ಬಯೊನೆಟ್ ಕಾಣೆಯಾಗಿರುವುದೇ ಹೆಚ್ಚು. ಮೊನೆಯುಳ್ಳ ಕಬ್ಬಿಣಕ್ಕೆ ಹಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿಬಿಡುತ್ತದೆ. ಒಂದು ಕೊಟ್ಟಿಗೆಯಲ್ಲಿ ನೆಲಕ್ಕೆ ಹುಗಿದು ತೆಂಗಿನಕಾಯಿ ಸುಲಿಯಲು ಬಳಸುತ್ತಿದ್ದ ಬಯೊನೆಟ್ಟನ್ನು ನಾನೇ ನೋಡಿದ್ದೇನೆ. ವಿಕ್ಟೋರಿಯಾ ರಾಣಿಯ ಸೈನ್ಯದ ಸಾಮಗ್ರಿಗೆ ಅದಕ್ಕಿಂತ ಸಾರ್ಥಕವಾದ ನಿವೃತ್ತಿ ಜೀವನ ಇರಲಾರದು ಎಂದು ಆಗ ಅನ್ನಿಸಿತ್ತು.

ಎನ್‌ಫೀಲ್ಡ್ ಭಾರತಕ್ಕೆ ಬಂದ ಮೇಲೆ ನಡೆದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಮದ್ದಿನ ಕಾಗದದ ತೋಟೆಯನ್ನು ಹಲ್ಲಿನಿಂದ ಹರಿಯಬೇಕು, ಅದಕ್ಕೆ ಸವರಿದ ಜಿಡ್ಡು ದನ ಮತ್ತು ಹಂದಿಯದು ಎಂಬ ಸುದ್ದಿ 1857ರ ಜನವರಿಯಲ್ಲಿ ದಂದಂ ಶಿಬಿರದಿಂದ ಹಬ್ಬಿತು. ಮೇ ತಿಂಗಳಿನಲ್ಲಿ ಮೀರತ್ ಸಿಡಿಯಿತು. ಪಾಠಪುಸ್ತಕಗಳು ಹೇಳದ ಒಂದು ವಿಪರ್ಯಾಸವೂ ಇದರಲ್ಲಿದೆ. ಹೊಸ ಕೋವಿಯನ್ನು ಮುಟ್ಟಲೊಲ್ಲದ ಸಿಪಾಯಿಗಳು ಬಹುಪಾಲು ಹಳೆಯ ನುಣುಪು ನಳಿಗೆಯ ಕೋವಿಗಳಿಂದಲೇ ಹೋರಾಡಿದರು. ಅವರನ್ನು ದೂರದಿಂದಲೇ ಉರುಳಿಸಿದ್ದು ಅವರು ತಿರಸ್ಕರಿಸಿದ ಎನ್‌ಫೀಲ್ಡ್.

ದಂಗೆ ಅಡಗಿದ ಮೇಲೆ ಸರ್ಕಾರ ಕೈಗೊಂಡ ಕ್ರಮಗಳ ಪೈಕಿ ಸೇನೆಯಲ್ಲಿ ಐರೋಪ್ಯರ ಪ್ರಮಾಣ ಹೆಚ್ಚಿಸಬೇಕೆಂಬ ಪೀಲ್ ಆಯೋಗದ ಸಲಹೆ, ಬೆಟ್ಟದ ಫಿರಂಗಿ ದಳಗಳಂಥ ಕೆಲವನ್ನು ಬಿಟ್ಟು ಉಳಿದ ಫಿರಂಗಿಗಳನ್ನು ಭಾರತೀಯರ ಕೈಯಿಂದ ತೆಗೆದದ್ದು, ಇವೆಲ್ಲ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಇನ್ನೊಂದು ಕ್ರಮ ಅಷ್ಟಾಗಿ ಪರಿಚಿತವಲ್ಲ. 1858ರಲ್ಲಿ ಭಾರತೀಯ ಪಡೆಗಳಿಗೆಂದೇ ಕೋವಿಯ ಪ್ರತ್ಯೇಕ ಮಾದರಿಯೊಂದು ಸಿದ್ಧವಾಯಿತು. ಎನ್‌ಫೀಲ್ಡ್ ನಳಿಗೆಯನ್ನೇ ತೆಗೆದುಕೊಂಡು, ಒಳಗಿನ ಸುರುಳಿ ಗೆರೆಗಳು ಮಾಯವಾಗುವಷ್ಟು ಕೊರೆದು ಅಗಲಿಸಿದರು. 0.577 ಅಂಗುಲದ ಒಳಗಲ 0.656 ಆಯಿತು, 14.7 ಮಿಲಿಮೀಟರ್ ಇದ್ದದ್ದು 16.7 ಆಯಿತು. ಏಣಿಯಂಥ ಗುರಿಪಟ್ಟಿಯನ್ನು ಕಿತ್ತು ಕದಲದ ಸರಳ ಗುರಿಯನ್ನು ಕೂರಿಸಿದರು. ಹೊರಗಿನಿಂದ ನೋಡಿದವರಿಗೆ ಅದೇ ಎನ್‌ಫೀಲ್ಡ್: ಅದೇ ಮರ, ಅದೇ ಹಿತ್ತಾಳೆ, ಬೀಗದ ತಗಡಿನ ಮೇಲೆ ಅದೇ ಕಿರೀಟ, ತುದಿಗೆ ಅಂಥದೇ ಬಯೊನೆಟ್. ಪೆರೇಡಿನಲ್ಲಿ ಅಕ್ಕಪಕ್ಕ ನಿಂತ ಬಿಳಿಯ ಸೈನಿಕನೂ ಕರಿಯ ಸೈನಿಕನೂ ಸಮಾನರಂತೆ ಕಾಣಬೇಕು, ಒಬ್ಬರಿಗೊಬ್ಬರು ಎದುರಾದರೆ ಸಮಾನರಾಗಿರಕೂಡದು. ನಳಿಗೆಯ ಗೋಡೆ ತೆಳುವಾಗಿ ದುರ್ಬಲವಾದದ್ದರಿಂದ ಮರುವರ್ಷವೇ ದಪ್ಪ ಗೋಡೆಯ ಮಾದರಿಯನ್ನು ರೂಪಿಸಬೇಕಾಯಿತು. ಆದರೂ ನಳಿಗೆ ನುಣುಪಾಗಿಯೇ ಉಳಿಯಿತು.

ತನ್ನ ಸೇನೆಯ ಆಯುಧವನ್ನು ಖರ್ಚು ಮಾಡಿ, ಬೇಕೆಂದೇ ಕೆಡಿಸಿ, ಆ ಸೇನೆಗೇ ಹಂಚಿದ ಸರ್ಕಾರಗಳು ಹೆಚ್ಚಿರಲಾರವು. ಮುಂದಿನ ದಶಕಗಳಲ್ಲಿ ಈ ನೀತಿ ಇನ್ನೊಂದು ರೂಪದಲ್ಲಿ ಮುಂದುವರಿಯಿತು. ಬ್ರಿಟಿಷ್ ಸೈನಿಕನಿಗೆ ಹಿಂಬದಿಯಿಂದ ತೋಟೆ ತುಂಬುವ ಸ್ನೈಡರ್ ಬಂದಾಗ ಭಾರತೀಯನಿಗೆ ಎನ್‌ಫೀಲ್ಡ್ ರೈಫಲ್. ಅವನಿಗೆ ಮಾರ್ಟಿನಿ-ಹೆನ್ರಿ ಬಂದಾಗ ಇವನಿಗೆ ಸ್ನೈಡರ್. ಅವನು ಲೀ-ಮೆಟ್‌ಫೋರ್ಡ್ ಹಿಡಿದಾಗ ಇವನಿಗೆ ಮಾರ್ಟಿನಿ. ಸದಾ ಒಂದು ತಲೆಮಾರು ಹಿಂದೆ. ಸೈನ್ಯ ಕಳಚಿದ ಕೋವಿಗಳು ಪೊಲೀಸರಿಗೆ, ಸಂಸ್ಥಾನಗಳ ಪಡೆಗಳಿಗೆ, ಕೊನೆಗೆ ಖಾಸಗಿಯವರಿಗೆ ಇಳಿಯುತ್ತ ಬಂದವು.

ಸೈನಿಕನ ಕೋವಿಯನ್ನು ನುಣುಪು ಮಾಡಿದ ಸರ್ಕಾರ ಪ್ರಜೆಯ ಕೋವಿಯನ್ನು ಕಿತ್ತುಕೊಳ್ಳಲು ಹೊರಟಿದ್ದು ಅದಕ್ಕೂ ಒಂದು ವರ್ಷ ಮುನ್ನ. ಅದರ ಬಿಸಿ ತಟ್ಟಿದ್ದು ನಮ್ಮ ಕನ್ನಡ ನಾಡಿಗೇ. 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಲಂಕಾರವಲ್ಲ. ಬೇಟೆ, ಕಾವಲು, ಮಾನ ಎಲ್ಲವೂ ಅದರಲ್ಲಿತ್ತು. ಅದೇ ವರ್ಷದ ನವೆಂಬರ್ ಕೊನೆಗೆ ಸೈನ್ಯ ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಇದನ್ನು ಕುರಿತ ಲಾವಣಿಯನ್ನು ಸಂಗ್ರಹಿಸಿ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್. ಆಡಳಿತಗಾರನೊಬ್ಬ ತನ್ನ ಸರ್ಕಾರದ ವಿರುದ್ಧದ ಹಾಡನ್ನು ಜೋಪಾನ ಮಾಡಿದ ಈ ನಿದರ್ಶನ ನನಗೆ ಸದಾ ಕುತೂಹಲದ್ದು.

ಮರುವರ್ಷ, 1858ರ ಮೇ ಅಂತ್ಯದಲ್ಲಿ, ನರಗುಂದದ ಭಾಸ್ಕರರಾವ್ ಭಾವೆ ಬಂಡೆದ್ದರು. ರಾಜಕೀಯ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದರು. ಭಾಸ್ಕರರಾಯರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ದತ್ತಕದ ಹಕ್ಕಿನ ನಿರಾಕರಣೆ ಅಲ್ಲಿನ ಮುಖ್ಯ ಕಾರಣವಾದರೂ ಆಯುಧ ಒಪ್ಪಿಸಬೇಕೆಂಬ ಆಜ್ಞೆಯ ಕಹಿಯೂ ಅದರೊಂದಿಗೆ ಸೇರಿತ್ತು.

ಅರ್ಥಶಾಸ್ತ್ರ ಓದಿದವನ ಚಪಲಕ್ಕೆ ಇಲ್ಲೊಂದು ಮಾತು ಸೇರಿಸುತ್ತೇನೆ. ಮೂರೇ ವರ್ಷದಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಉತ್ತರ, ದಕ್ಷಿಣದ ಎರಡೂ ಪಕ್ಷಗಳು ಸೇರಿ ಸುಮಾರು 9 ಲಕ್ಷ ಎನ್‌ಫೀಲ್ಡ್ ಕೋವಿಗಳನ್ನು ತರಿಸಿಕೊಂಡವೆಂಬುದು ಇತಿಹಾಸಕಾರರ ಅಂದಾಜು. ಆ ಯುದ್ಧದಿಂದ ಅಮೆರಿಕದ ಹತ್ತಿ ಲ್ಯಾಂಕಾಶೈರಿಗೆ ಹೋಗುವುದು ನಿಂತಿತು, ಧಾರವಾಡದ ಕಪ್ಪು ನೆಲದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಕೋವಿ ಕಳೆದುಕೊಂಡ ಸೀಮೆಗೆ ನಾಲ್ಕು ವರ್ಷ ಹಣ ಹರಿದದ್ದು ಅದೇ ಮಾದರಿಯ ಕೋವಿಗಳು ಸಾಗರದಾಚೆ ಸಿಡಿಯುತ್ತಿದ್ದುದರಿಂದ. ಅಲ್ಲಿ ಸದ್ದು ಅಡಗಿದೊಡನೆ ಇಲ್ಲಿ ಬೆಲೆಯೂ ಕುಸಿಯಿತು.

ಉತ್ತರದಲ್ಲಿ ಹೀಗಾದರೆ ದಕ್ಷಿಣದಲ್ಲಿ ಇನ್ನೊಂದು ಬಗೆ. 1861ರಲ್ಲಿ, ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಅಧಿಕಾರ ಬಿಡುವ ಕೆಲವೇ ದಿನ ಮುನ್ನ, ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟ. 1837ರ ಅಮರ ಸುಳ್ಯ ದಂಗೆಯನ್ನು ಅಡಗಿಸುವಲ್ಲಿ ಕೊಡಗಿನವರಿಂದ ದೊರೆತ ನೆರವನ್ನು ಸರ್ಕಾರ ಮರೆತಿರಲಿಲ್ಲ. ಆದರೆ ಆ ವಿನಾಯಿತಿಯನ್ನು ಬ್ರಿಟಿಷರ ಬಹುಮಾನವೆಂದಷ್ಟೇ ನೋಡುವುದು ಕೊಡವರಿಗೆ ಅನ್ಯಾಯ ಮಾಡಿದಂತೆ. ಹುಟ್ಟಿಗೂ ಸಾವಿಗೂ ತೋಕ್ ಹಾರಿಸುವ, ಸೆಪ್ಟೆಂಬರಿನ ಕೈಲ್‌ಪೋದ್‌ನಲ್ಲಿ ಅದನ್ನು ಪೂಜಿಸುವ ಜನಕ್ಕೆ ಆಯುಧ ಯಾವ ಕಮಿಷನರನೂ ಕೊಟ್ಟದ್ದಲ್ಲ. ಆ ವಿನಾಯಿತಿಯನ್ನು ಸ್ವತಂತ್ರ ಭಾರತವೂ ಉಳಿಸಿಕೊಂಡಿತು; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹಲಗಲಿ ಮತ್ತು ಕೊಡಗು ಇಂದು ಒಂದೇ ರಾಜ್ಯದಲ್ಲಿವೆ. ಒಂದೇ ಕಾಯಿದೆ ನಾಲ್ಕು ವರ್ಷದ ಅಂತರದಲ್ಲಿ ಒಂದು ಕಡೆ ನೇಣಾಯಿತು, ಇನ್ನೊಂದು ಕಡೆ ಗೌರವಪತ್ರವಾಯಿತು.

ಮೈಸೂರು ಸಂಸ್ಥಾನವೂ ಈ ಸಂಶಯದಿಂದ ಹೊರತಾಗಿರಲಿಲ್ಲ. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸುವಾಗ ಬರೆದ ಹಸ್ತಾಂತರ ಪತ್ರದಲ್ಲಿ ಸೈನ್ಯದ ಸಂಖ್ಯೆಗೆ ಮಿತಿ ಇತ್ತು. ಗವರ್ನರ್ ಜನರಲ್ ಅವರ ಒಪ್ಪಿಗೆಯಿಲ್ಲದೆ ಹೊಸ ಕೋಟೆ ಕಟ್ಟುವಂತಿರಲಿಲ್ಲ, ಶಸ್ತ್ರಾಸ್ತ್ರ ತರಿಸುವಂತಿರಲಿಲ್ಲ. ಕೋವಿ ಕಾರ್ಖಾನೆಗಳನ್ನೂ ರಾಕೆಟ್ಟುಗಳನ್ನೂ ಹೊಂದಿದ್ದ ಹೈದರ್ ಮತ್ತು ಟಿಪ್ಪುವಿನ ನೆಲದ ಮೇಲೆ ಹಾಕಿದ ಷರತ್ತುಗಳಿವು.

ಇಷ್ಟರಲ್ಲಿ 1878ರ ಆಯುಧ ಕಾಯಿದೆ ಬಂದಿತ್ತು. ಐರೋಪ್ಯರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ ಎಂಬ ಭೇದ ಅದರಲ್ಲಿ ಸ್ಪಷ್ಟವಾಗಿತ್ತು. 1887ರ ಮದರಾಸು ಕಾಂಗ್ರೆಸ್ ಅಧಿವೇಶನವೇ ಅದರ ತಿದ್ದುಪಡಿಗೆ ಒತ್ತಾಯಿಸಿತು. 1931ರ ಕರಾಚಿ ನಿರ್ಣಯದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನದಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ; ದೊರೆಯದಿದ್ದದ್ದೇ ಒಳ್ಳೆಯದಾಯಿತೆಂದು, ಅಮೆರಿಕದ ಶಾಲೆಗಳ ಸುದ್ದಿ ಓದುವಾಗಲೆಲ್ಲ, ನಾನು ನಂಬುತ್ತೇನೆ. ಆದರೆ 1959ರಲ್ಲಿ ನಾವೇ ಮಾಡಿಕೊಂಡ ಆಯುಧ ಕಾಯಿದೆಯ 13ನೇ ಪ್ರಕರಣವನ್ನು ಓದಿ ನೋಡಿ. ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ಇವಕ್ಕೆ ಪರವಾನಗಿ ನೀಡುವ ದಾರಿ ಸಲೀಸು. ಗೆರೆ ಕೊರೆದ ನಳಿಗೆಯಾದರೆ, ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಶಾಂತಿಪಾಲನೆಯ ದೃಷ್ಟಿಯಿಂದ ಇದು ವಿವೇಕದ ನಿಯಮವೇ. ಆದರೆ ಪ್ರಜೆಯನ್ನು ಎಷ್ಟು ನಂಬಬೇಕೆಂಬುದನ್ನು ನಳಿಗೆಯ ಒಳಮೈಯಿಂದ ಅಳೆಯುವ ಪದ್ಧತಿ ನಮ್ಮಲ್ಲಿ ಆರಂಭವಾದದ್ದು ಎಲ್ಲಿಂದ ಎಂಬುದನ್ನು ಪರವಾನಗಿಗೆ ಸಹಿ ಮಾಡುವ ಅಧಿಕಾರಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಈಗ ಶ್ರೀರಾಂಪುರದವರ ಪ್ರಶ್ನೆಗೆ ಬರೋಣ. ಅದೇ ಕಾಯಿದೆಯ 45ನೇ ಪ್ರಕರಣದಲ್ಲಿ ಒಂದು ವಿನಾಯಿತಿ ಇದೆ. ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯಿದೆ ಅನ್ವಯಿಸದು. ಆದರೆ ಅದು ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂತಿರಬೇಕು. ತೊಡಕು ಇರುವುದು ಈ ಷರತ್ತಿನಲ್ಲಿ. ಕೇಪಿನ ಕೋವಿಯ ಯಂತ್ರ ಎಷ್ಟು ಸರಳವೆಂದರೆ ನೂರೈವತ್ತು ವರ್ಷದ ತುಕ್ಕನ್ನು ತೆಗೆದು ಒಂದು ಸ್ಪ್ರಿಂಗ್ ಬದಲಿಸಿದರೆ ಅದು ಮತ್ತೆ ಸಿಡಿಯಬಹುದು. ಹಾಗಾಗಿ ವಿನಾಯಿತಿ ಬೇಕೆನ್ನುವವರು ನಳಿಗೆಗೆ ತೂತು ಕೊರೆಸಿ ಒಳಗೆ ಬೆಸುಗೆ ಹಾಕಿಸುತ್ತಾರೆ. ಅಲ್ಲಿಗೆ ಕೋವಿಯೇನೋ ಗೋಡೆಯ ಮೇಲೆ ಉಳಿಯುತ್ತದೆ, ಅದು ಹೇಳಬಹುದಾಗಿದ್ದ ಮಾತು ಹೋಗಿಬಿಡುತ್ತದೆ. ಒಳಗೆ ಗೆರೆಗಳಿದ್ದವೋ ಇಲ್ಲವೋ, ಅಗಲ ಎಷ್ಟಿತ್ತು, ಕೊರೆದದ್ದು ಕಾರ್ಖಾನೆಯೋ ಊರಿನ ಕಮ್ಮಾರನೋ ಎಂಬುದನ್ನು ಆಮೇಲೆ ತಿಳಿಯುವ ಬಗೆ ಇಲ್ಲ.

ಬಯೊನೆಟ್ಟಿನ ನಿಯಮವೇ ಬೇರೆ. ಕತ್ತಿ, ಭರ್ಜಿಗಳ ಸಾಲಿನಲ್ಲಿ ಅದನ್ನು ಸೇರಿಸಿದ್ದು, ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ ಪರವಾನಗಿ ಕೇಳುತ್ತದೆ. ಹೀಗಾಗಿ ಜೋಡಿಯಾಗಿ ಬಂದ ವಸ್ತುಗಳು ಬೇರೆಯಾಗುತ್ತವೆ. ಕೋವಿ ಠಾಣೆಗೆ, ಬಯೊನೆಟ್ ಗುಜರಿಗೆ.

2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಮೂರು ಇದ್ದವರು ಯಾವುದನ್ನು ಬಿಟ್ಟುಕೊಡುತ್ತಾರೆಂದು ಊಹಿಸಲು ಜಾಣತನ ಬೇಕಿಲ್ಲ. ಕೆಲಸಕ್ಕೆ ಬರುವ ಜೋಡು ನಳಿಗೆಯ ತೋಟೆ ಕೋವಿಯನ್ನು ಉಳಿಸಿಕೊಂಡು ಮುತ್ತಜ್ಜನದನ್ನು ಒಪ್ಪಿಸುತ್ತಾರೆ. ಒಪ್ಪಿಸಿದ ಕೋವಿಗಳ ಗತಿಯನ್ನು ನಾನು ಬಲ್ಲೆ. ಹಿಂದೊಮ್ಮೆ ಚುನಾವಣೆಯ ಕಾಲದಲ್ಲಿ ತಾಲ್ಲೂಕೊಂದರ ಠಾಣೆಯ ಕೋಣೆಯನ್ನು ತಪಾಸಣೆ ಮಾಡಬೇಕಾಗಿ ಬಂದಿತ್ತು. ಠೇವಣಿಯಿಟ್ಟವು, ವಾರಸುದಾರರು ಬಿಟ್ಟುಹೋದವು, ಮೊಕದ್ದಮೆಯವು ಎಲ್ಲ ಒಂದೇ ಗೋಡೆಗೆ ಒರಗಿದ್ದವು. ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿಗಳನ್ನು ಗೆದ್ದಲು ತಿಂದಿತ್ತು. ಮಳೆಗಾಲದಲ್ಲಿ ಸೋರುವ ಮೂಲೆಯಲ್ಲಿ ಮೂರು ಪಟ್ಟಿಯ ಉದ್ದನೆಯ ಎರಡು ಕೋವಿಗಳಿದ್ದವು. ದಾಖಲೆಯ ಪುಸ್ತಕದಲ್ಲಿ ಅವುಗಳ ಎದುರಿಗೆ ‘ಒಂಟಿ ನಳಿಗೆ ಕೋವಿ, ಹಳೆಯದು’ ಎಂದು ಮಾತ್ರ ಬರೆದಿತ್ತು. ಕಾಲಕ್ರಮದಲ್ಲಿ ಇಂಥವನ್ನು ನಿಯಮದಂತೆ ನಾಶಪಡಿಸಲಾಗುತ್ತದೆ. ಅದರಲ್ಲಿ ಯಾರ ಲೋಪವೂ ಇಲ್ಲ. ನೋಡಿ ಗುರುತಿಸಿ ಎಂದು ಯಾವ ನಿಯಮವೂ ಅವರಿಗೆ ಹೇಳಿಲ್ಲ.

ರಾಜರ ಆಯುಧಗಳಿಗೆ ಈ ಗತಿ ಇಲ್ಲ. ಟಿಪ್ಪುವಿನ ಶಯನಾಗಾರದ ಕತ್ತಿ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋದಾಗ ನಮ್ಮ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಮರುಗಿದವು. ಸಾಮಾನ್ಯ ಸಿಪಾಯಿಯ ಕೋವಿಗೆ ಮರುಗುವವರಿಲ್ಲ, ಆದರೆ ಕೊಳ್ಳುವವರಿದ್ದಾರೆ. ನೇಪಾಳದ ಹಳೆಯ ಶಸ್ತ್ರಾಗಾರದಲ್ಲಿ ದೂಳು ಹಿಡಿದಿದ್ದ ಐವತ್ತು ಸಾವಿರಕ್ಕೂ ಹೆಚ್ಚು ಕೋವಿಗಳನ್ನು 2003ರ ಸುಮಾರಿಗೆ ಅಮೆರಿಕದ ವ್ಯಾಪಾರಿಗಳು ಒಟ್ಟಾಗಿ ಕೊಂಡು ಹಡಗಿಗೇರಿಸಿದರು. ಅಲ್ಲಿನ ಹವ್ಯಾಸಿಗಳು ಒಂದೊಂದು ಮುದ್ರೆಯನ್ನೂ ಓದಿ, ಯಾವ ಪಡೆಯದು, ಯಾವ ವರ್ಷದ್ದು ಎಂದು ಪಟ್ಟಿ ಮಾಡಿದ್ದಾರೆ. ನೂರು ವರ್ಷ ದಾಟಿದ ವಸ್ತುವನ್ನು 1972ರ ಪ್ರಾಚ್ಯವಸ್ತು ಕಾಯಿದೆ ಹೊರದೇಶಕ್ಕೆ ಸಾಗಿಸಲು ಬಿಡದಿರುವುದರಿಂದ ನಮ್ಮವು ಹಾಗೆ ಹೋಗುವುದಿಲ್ಲ. ಇಲ್ಲಿಯೇ ತುಕ್ಕು ಹಿಡಿಯುತ್ತವೆ.

ಹಾಗೆಂದು ಮನೆಮನೆಯಲ್ಲಿ ಹಳೆಯ ಕೋವಿಗಳಿರಲಿ ಎಂಬುದು ನನ್ನ ವಾದವಲ್ಲ. ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ, ಅಪಾಯವೂ ಹೌದು. ಅಟ್ಟದ ಮೇಲಿನ ಹಳೆಯ ಕೋವಿಯಲ್ಲಿ ಅಜ್ಜನ ಕಾಲದಲ್ಲಿ ತುಂಬಿದ ಮದ್ದು ಹಾಗೆಯೇ ಇರಬಹುದು; ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಸಾಯುವುದಿಲ್ಲ. ಇಡಿಯುವ ಸಲಾಕೆಯನ್ನು ನಳಿಗೆಯೊಳಗೆ ಇಳಿಬಿಟ್ಟು, ಅದೇ ಅಳತೆಯನ್ನು ಹೊರಗೆ ಹಿಡಿದು ನೋಡಿದರೆ ತಳ ಮುಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಆ ಕೆಲಸವನ್ನೂ ಬಲ್ಲವರಿಗೆ ಬಿಡುವುದು ಲೇಸು. ಹಬ್ಬದ ಹಿಂದಿನ ದಿನ ಹಿತ್ತಾಳೆಗೆ ಹುಣಸೆಹಣ್ಣು, ಕಬ್ಬಿಣಕ್ಕೆ ಮರಳುಕಾಗದ ಹಾಕಿ ಉಜ್ಜುವ ಭಕ್ತಿಯೂ ಬೇಡ. ತಗಡಿನ ಮೇಲಿನ ಕಿರೀಟ, ಇಸವಿ, ಕಂಪನಿ ಸರ್ಕಾರದ ಸಿಂಹದ ಮುದ್ರೆ ಎಲ್ಲವೂ ಕೂದಲೆಳೆಯಷ್ಟು ಆಳದಲ್ಲಿರುವಂಥವು.

ಆಗಬೇಕಾದದ್ದು ಚಿಕ್ಕದು. ಬಿಟ್ಟುಕೊಟ್ಟ ಅಥವಾ ವಾರಸಿಲ್ಲದ ಕೋವಿಗಳನ್ನು ನಾಶಪಡಿಸುವ ಆದೇಶಕ್ಕೆ ಜಿಲ್ಲಾ ದಂಡಾಧಿಕಾರಿಗಳು ಸಹಿ ಹಾಕುವ ಮುನ್ನ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಒಬ್ಬರು ಅವನ್ನು ನೋಡಬೇಕು. ಆ ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿಯೇ. ಮುಖ್ಯವಾದವನ್ನು ಸಂಗ್ರಹಾಲಯಕ್ಕೆ ಪಡೆದು, ಉಳಿದವುಗಳ ವಿವರವನ್ನಾದರೂ ಬರೆದುಕೊಳ್ಳಬೇಕು. ಮನೆಯವರೇ ನಿಷ್ಕ್ರಿಯಗೊಳಿಸಲು ಬಯಸಿದರೂ ಬೆಸುಗೆಗೆ ಮುನ್ನ ಅಳತೆ, ಛಾಯಾಚಿತ್ರಗಳು ದಾಖಲಾಗಲಿ. ಶ್ರೀರಾಂಪುರದವರಿಗೂ ನಾನು ಇದನ್ನೇ ಹೇಳಿದೆ: ಕಾನೂನಿನಂತೆ ಠಾಣೆಯಲ್ಲಿ ಠೇವಣಿ ಇಡಿ, ಇಲಾಖೆಗೆ ಪತ್ರ ಬರೆಯಿರಿ, ಬಯೊನೆಟ್ಟನ್ನು ಕೋವಿಯಿಂದ ಬೇರೆ ಮಾಡಬೇಡಿ.

ಇದಕ್ಕೆ ಹೊಸ ಸಿಬ್ಬಂದಿಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಪ್ರತಿ ಚುನಾವಣೆಯಲ್ಲಿಯೂ ಪರವಾನಗಿಯ ಕೋವಿಗಳು ಠಾಣೆಗೆ ಬಂದು ಸೇರುತ್ತವೆ. ಠಾಣೆಯ ಬರವಣಿಗೆಯವರು ಹೇಗೂ ಒಂದೊಂದನ್ನೂ ಕೈಗೆತ್ತಿಕೊಂಡು ಸಂಖ್ಯೆ ಬರೆದುಕೊಳ್ಳುತ್ತಾರೆ. ಅವರ ಕೈಯಲ್ಲಿ ಒಂದು ಟಾರ್ಚು, ಮಿಲಿಮೀಟರ್ ಗುರುತಿನ ಒಂದು ಅಳತೆಪಟ್ಟಿ, ದಾಖಲೆಯ ಪುಸ್ತಕದಲ್ಲಿ ಇಸವಿ, ಮುದ್ರೆ ಮತ್ತು ನಳಿಗೆಯ ಒಳಗಲಕ್ಕೆಂದು ಮೂರು ಹೆಚ್ಚಿನ ಅಂಕಣಗಳಿದ್ದರೆ ಒಂದು ಕೋವಿಗೆ ಹತ್ತು ನಿಮಿಷ ಸಾಕು.